ಎಣ್ಣೆ ಮಿಲ್ಲಿಗೆ ಟೈಲ್ಸ್ ಹಾಕಿಸಿದ್ದು

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ಚಿತ್ರ ಬರೆಯಲು ಬರುವುದಿಲ್ಲ, ಹಾಡಲು ಬರುವುದಿಲ್ಲ. ಬೋರ್ಡಿನ ಮೇಲೆ ಕೈಯಲ್ಲೇ ವೃತ್ತ ಎಳೆದರೆ ಹಿಂದಿನ ಬೆಂಚಿನ ಹುಡುಗಿಯರು ಮುಸಿಮುಸಿ ನಗುತ್ತಾರೆ. ಇಂಥ ನನ್ನನ್ನು ಮಧುಗಿರಿಯಲ್ಲಿ ಕೆಲವರು ‘ಕಲಾವಿದರಿಗೆ ಜಾಗ ಕೊಟ್ಟ ಮಿಸ್’ ಎಂದು ಗುರುತಿಸುತ್ತಾರೆ. ಇನ್ನು ಕೆಲವರು ‘ಇದ್ದವರನ್ನೂ ಓಡಿಸಿದ ಮಿಸ್’ ಎನ್ನುತ್ತಾರೆ. ಯಾವುದು ಸರಿ ಎಂದು ನನಗೇ ತಿಳಿಯದಿರುವುದರಿಂದ ಆದದ್ದನ್ನು ಆದ ಹಾಗೆ ಬರೆದಿಡುತ್ತಿದ್ದೇನೆ.

ಶಿರಾ ರಸ್ತೆಯಲ್ಲಿ ನಮ್ಮ ಮಾವನವರದೊಂದು ಕಡಲೆಕಾಯಿ ಎಣ್ಣೆ ಮಿಲ್ಲು ಇತ್ತು. ನಾನು ಪುರವರದಿಂದ ಮದುವೆಯಾಗಿ ಬಂದಾಗ ಅದು ಇನ್ನೂ ಓಡುತ್ತಿತ್ತು. ಆಮೇಲೆ ಪ್ಯಾಕೆಟ್ ಎಣ್ಣೆ ಬಂತು, ಮಾವ ಹೋದರು, ಮಷೀನುಗಳು ಗುಜರಿಗೆ ಹೋದವು. ಉಳಿದದ್ದು ಎತ್ತರದ ಕಲ್ಲಿನ ಗೋಡೆ, ತಗಡಿನ ಮಾಡು, ಎಷ್ಟೋ ವರ್ಷದ ಎಣ್ಣೆ ಕುಡಿದು ಕಪ್ಪಾಗಿದ್ದ ಚಪ್ಪಡಿ ನೆಲ. ನನ್ನ ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಮಿಲ್ಲು ನಡೆಸುವ ಆಸೆ ಅವರಿಗಿರಲಿಲ್ಲ, ಮಾರುವ ಮನಸ್ಸೂ ಬರಲಿಲ್ಲ. ಬೀಗ ಹಾಕಿಟ್ಟಿದ್ದೆವು.

ಒಂದು ಭಾನುವಾರ ಮನೆ ಬಾಗಿಲಿಗೆ ಒಬ್ಬ ವಯಸ್ಸಾದವರು ಬಂದರು. ಬೆರಳ ಸಂದಿಯಲ್ಲೆಲ್ಲ ನೀಲಿ ಬಣ್ಣ. ಶಿರಾದವರು, ನಾಟಕದ ಪರದೆ ಬರೆಯುವವರು. ನಮ್ಮ ಕಡೆ ಊರೂರಲ್ಲಿ ರೈತರು, ನೌಕರರು ಸೇರಿ ಪೌರಾಣಿಕ ನಾಟಕ ಆಡುತ್ತಾರಲ್ಲ, ಅದಕ್ಕೆ ಹಿಂದೆ ಇಳಿಬಿಡುವ ಅರಮನೆ, ಕಾಡು, ಬೀದಿಯ ಪರದೆಗಳು ಅವರ ಕೈಯವು. ಶಿರಾದಲ್ಲಿ ಅವರು ಪರದೆ ಕಟ್ಟುತ್ತಿದ್ದ ಖಾಲಿ ಜಾಗ ಲೇಔಟ್ ಆಗಿತ್ತು.

“ನಂಗೆ ನೆಲ ಬ್ಯಾಡಮ್ಮ, ಗೋಡೆ ಬೇಕು. ಎತ್ರದ ಗೋಡೆ. ನಿಮ್ದು ಮಿಲ್ಲಿನ ಗೋಡೆ ಬಸ್ಸಲ್ಲಿ ಹೋಗ್ವಾಗೆಲ್ಲ ನೋಡ್ತೀನಿ. ಒಂದು ದರ್ಬಾರ್ ಸೀನು ಐತೆ, ಒಂದ್ವಾರ ಕೊಡಿ, ಬಸ್, ಅಷ್ಟೇ ಸಾಕು.”

ನನ್ನ ಗಂಡ ಒಳಗಿನಿಂದಲೇ “ಒಂದು ವಾರ ತಾನೆ, ಕೊಡು” ಎಂದರು. ಬೀಗದ ಕೈ ಕೊಟ್ಟೆ. ಆ ಒಂದು ವಾರ ಏಳು ವರ್ಷವಾಯಿತು.

ಎಣ್ಣೆ ಕುಡಿದ ನೆಲವನ್ನು ನಾವು ಕೊಳೆ ಎಂದುಕೊಂಡಿದ್ದೆವು. ಅವರಿಗೆ ಅದೇ ಭಾಗ್ಯವಾಗಿ ಕಂಡಿತು. ಬಣ್ಣ ಎಷ್ಟು ಸೋರಿದರೂ ನೆಲಕ್ಕೆ ಹಿಡಿಯುತ್ತಿರಲಿಲ್ಲ, ಒದ್ದೆ ಗೋಣಿಯಲ್ಲಿ ಒರೆಸಿದರೆ ಹೋಗುತ್ತಿತ್ತು. ಗೋಡೆಗೆ ಬೇಕಾದಲ್ಲೆಲ್ಲ ಮೊಳೆ ಹೊಡೆದರು. ಶಾಲೆ ಬಿಟ್ಟ ಮೇಲೆ ಒಂದು ಸಲ ನೋಡಲು ಹೋದೆ. ಆಮೇಲೆ ಅದೇ ಅಭ್ಯಾಸವಾಯಿತು. ಒಂದು ಮೂಲೆಯಲ್ಲಿ ಹಳೇ ಮೂಟೆಯ ಮೇಲೆ ಕೂತು ಉತ್ತರ ಪತ್ರಿಕೆ ತಿದ್ದುತ್ತಿದ್ದೆ. ಒಲೆಯ ಮೇಲೆ ಅಂಟು ಕುದಿಯುವ ವಾಸನೆ, ತಗಡಿನ ಮೇಲೆ ಪಾರಿವಾಳ ಓಡಾಡುವ ಸದ್ದು. ಮಾತು ಕಡಿಮೆ. ಮನೆಯಲ್ಲಿ ಸಿಗದಿದ್ದ ಒಂದು ಸಮಾಧಾನ ಅಲ್ಲಿ ಸಿಗುತ್ತಿತ್ತು. ಯಾಕೆ ಸಿಗುತ್ತಿತ್ತು ಎಂದು ಈಗಲೂ ಹೇಳಲಾರೆ.

ಪರದೆ ನೋಡಲು ಬಂದ ನಾಟಕದ ಮೇಷ್ಟರೊಬ್ಬರು ಎರಡನೆಯವರು. ಕೊರಟಗೆರೆಯವರು. ಹಾರ್ಮೋನಿಯಂ ಹಿಡಿದು ಪಾತ್ರಧಾರಿಗಳಿಗೆ ಕಂದಪದ್ಯ, ಹಾಡಿನ ಮಟ್ಟು ಕಲಿಸುವುದು ಅವರ ಕೆಲಸ. ಮಧುಗಿರಿಯಲ್ಲಿ ಅವರ ತಂಡಕ್ಕೆ ಪ್ರಾಕ್ಟೀಸಿಗೆ ಜಾಗವಿರಲಿಲ್ಲ. ಬಾಡಿಗೆಗೆ ಹಿಡಿದ ಮನೆಗಳಲ್ಲೆಲ್ಲ ಪಕ್ಕದವರು ತಕರಾರು ಮಾಡಿದ್ದರು.

“ಭೀಮನ ಪಾತ್ರದೋನು ಮೆತ್ತಗೆ ಮಾತಾಡಕ್ಕಾಯ್ತದಾ ಮಿಸ್? ನೀವೇ ಹೇಳಿ” ಎಂದು ನನ್ನನ್ನೇ ಕೇಳಿದರು.

ಆಗುವುದಿಲ್ಲ ಎಂದು ಒಪ್ಪಿಕೊಂಡೆ. ಅವರಿಗೂ ಒಂದು ಬೀಗದ ಕೈ ಮಾಡಿಸಿಕೊಟ್ಟೆ.

ಮೂರನೆಯದಾಗಿ ಬಂದವರು ದೊಡ್ಡೇರಿ ಕಡೆಯ ಆರು ಜನ ಹೆಂಗಸರು. ಅವರಲ್ಲಿ ಮುಂದಾಳಾಗಿ ಮಾತಾಡಿದಾಕೆ ಅಂಗನವಾಡಿ ಸಹಾಯಕಿ. ಅವರು ತಮಟೆ ಕಲಿಯುತ್ತಿದ್ದರು. ಊರಲ್ಲಿ ಬಾರಿಸುವ ಹಾಗಿರಲಿಲ್ಲ. ಮೇಲಿನ ಕೇರಿಯವರ ವಿಷಯ ಹಾಗಿರಲಿ, ಅವರ ಕೇರಿಯ ಗಂಡಸರೇ ಬೇಡವೆಂದಿದ್ದರು. ಯಾರದೋ ಸಾವಿಗೆ ತಮಟೆ ಬಡಿಯುವುದನ್ನು ಹಿಂದಿನ ತಲೆಮಾರಿನವರು ಹಟ ಹಿಡಿದು ಬಿಟ್ಟು, ಬುದ್ಧನ ಪಟ ಮನೆಗೆ ತಂದವರು. ಈಗ ಹೆಣ್ಣುಮಕ್ಕಳು ಅದನ್ನೇ ಕೈಗೆತ್ತಿಕೊಂಡರೆ ಹೇಗೆ ಎಂಬುದು ಅವರ ಸಿಟ್ಟು. “ಅದು ಬೇರೆ, ಇದು ಬೇರೆ. ನಮಗೆ ಇಷ್ಟ ಬಂದು ಬಾರಿಸ್ತೀವಿ” ಎಂದು ಆಕೆ ನನಗೆ ಬಿಡಿಸಿ ಹೇಳಿದರು.

ನಾನು ತಕ್ಷಣ ಹೂಂ ಅನ್ನಲಿಲ್ಲ. “ಮನೆಯಲ್ಲಿ ಕೇಳಿ ಹೇಳ್ತೀನಿ” ಎಂದೆ. ಪೇಂಟರಿಗೆ ಹಾಗೆ ಹೇಳಿರಲಿಲ್ಲ, ಮೇಷ್ಟರಿಗೂ ಹೇಳಿರಲಿಲ್ಲ. ಸದ್ದಿನ ಯೋಚನೆ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಭೀಮನ ಅಬ್ಬರಕ್ಕೆ ಆಗಲೇ ಒಪ್ಪಿದ್ದೆನಲ್ಲ. ಎರಡು ದಿನ ಬಿಟ್ಟು, ‘ಬನ್ನಿ’ ಎಂದು ಫೋನು ಮಾಡಿದೆ. ಆ ಎರಡು ದಿನ ನಾನು ಮನೆಯಲ್ಲಿ ಯಾರನ್ನೂ ಕೇಳಿರಲಿಲ್ಲ ಎಂಬುದನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ.

ಹೀಗೆ ಮಿಲ್ಲು ತುಂಬಿತು. ಬಾಡಿಗೆ ಎಂದು ಗಟ್ಟಿಯಾಗಿ ಏನೂ ಮಾತಾಗಿರಲಿಲ್ಲ. ಕರೆಂಟಿನ ಬಿಲ್ಲು ಅವರವರೇ ಸೇರಿ ಕಟ್ಟುತ್ತಿದ್ದರು. ಯುಗಾದಿಗೆ ಪೇಂಟರು ಬಾಗಿಲಿಗೆ ಬಣ್ಣ ಹಚ್ಚುತ್ತಿದ್ದರು, ಮಾಡು ಸೋರಿದರೆ ಮೇಷ್ಟರ ತಂಡದ ಅರ್ಜುನ ಏಣಿ ಹತ್ತುತ್ತಿದ್ದ. ಅವನು ವೆಲ್ಡಿಂಗ್ ಅಂಗಡಿಯವನು.

ಈ ನಡುವೆ ಊರು ಬೆಳೆಯಿತು. ರಸ್ತೆ ಅಗಲವಾಯಿತು. ಶಿರಾ ರಸ್ತೆಯಲ್ಲಿ ಶೋರೂಮು, ಕಲ್ಯಾಣ ಮಂಟಪ, ಗಾಜಿನ ಮುಖದ ಅಂಗಡಿಗಳು ಎದ್ದವು. ಮಿಲ್ಲನ್ನು ಕೇಳಿಕೊಂಡು ಬರುವವರು ಹೆಚ್ಚಾದರು. ನನ್ನ ಗಂಡ ಬಂದವರಿಗೆಲ್ಲ ಕಾಫಿ ಕೊಟ್ಟು “ನೋಡೋಣ” ಎಂದು ಕಳಿಸುತ್ತಿದ್ದರು. ಅವರ ‘ನೋಡೋಣ’ ದಿನೇ ದಿನೇ ಮೆತ್ತಗಾಗುತ್ತಿದ್ದುದು ನನಗೆ ಕೇಳಿಸುತ್ತಿತ್ತು.

ಆಗ ಬೆಂಗಳೂರಿನಿಂದ ಒಂದು ಸಂಸ್ಥೆಯವರು ಬಂದರು. ಇಬ್ಬರು, ಒಬ್ಬ ಯುವತಿ, ಒಬ್ಬ ಯುವಕ. ಮೇಷ್ಟರ ನಾಟಕದ ವಿಡಿಯೋ ಎಲ್ಲೋ ನೋಡಿ ಹುಡುಕಿಕೊಂಡು ಬಂದಿದ್ದರು. ಮಿಲ್ಲೆಲ್ಲ ಸುತ್ತಿ ಫೋಟೋ ತೆಗೆದರು. ಆ ಹುಡುಗಿ ನನ್ನ ಕೈ ಹಿಡಿದುಕೊಂಡು, “ಮೇಡಂ, ನೀವೊಂದು ಸ್ಪೇಸ್ ಕಟ್ಟಿದ್ದೀರಿ” ಎಂದಳು. ನಾನು ಏನನ್ನೂ ಕಟ್ಟಿರಲಿಲ್ಲ. ಮಾವ ಕಟ್ಟಿಸಿದ್ದಕ್ಕೆ ಬೀಗ ತೆಗೆದಿದ್ದೆ, ಅಷ್ಟೆ. ಆದರೂ ಆ ಮಾತು ಕೇಳಿ ಎದೆ ಉಬ್ಬಿತು. ಸುಳ್ಳು ಹೇಳಲಾರೆ.

ಅವರು ಮಿಲ್ಲನ್ನು ಸರಿ ಮಾಡಿಸಿಕೊಡುತ್ತೇವೆ ಎಂದರು. ಹೊಸ ಮಾಡು, ಗೋಡೆಗೆ ಸುಣ್ಣಬಣ್ಣ, ನೆಲಕ್ಕೆ ಟೈಲ್ಸ್, ಲೈಟು, ಶೌಚಾಲಯ. ಪ್ರತಿಯಾಗಿ ನಾವು ಇಂತಿಷ್ಟು ವರ್ಷ ಅದನ್ನು ಕಲಾವಿದರಿಗೇ ಬಿಡಬೇಕು, ಬೇರೆಯವರಿಗೆ ಕೊಡಕೂಡದು. ಇದನ್ನು ಕೇಳಿ ನನಗೆ ಆಕಾಶ ಕೈಗೆ ಸಿಕ್ಕ ಹಾಗಾಯಿತು. ಗಂಡನ ಬಾಯಿ ಮುಚ್ಚಿಸಲು ಇದಕ್ಕಿಂತ ಒಳ್ಳೆಯ ದಾರಿ ಇರಲಿಲ್ಲ. ಅದೇ ವಾರ ಸಹಿ ಹಾಕಿದೆವು.

ಪೇಂಟರನ್ನಾಗಲಿ, ಮೇಷ್ಟರನ್ನಾಗಲಿ, ಆ ಹೆಂಗಸರನ್ನಾಗಲಿ ನಾನು ಕೇಳಲಿಲ್ಲ. ಕೇಳಬೇಕೆಂದು ಹೊಳೆಯಲೇ ಇಲ್ಲ. ಯಾರಾದರೂ ಶೌಚಾಲಯ ಬೇಡ ಅನ್ನುತ್ತಾರೆಯೇ? ಆ ಹೆಂಗಸರು ಅಲ್ಲಿಯತನಕ ಎದುರಿನ ಪೆಟ್ರೋಲ್ ಬಂಕಿಗೆ ಹೋಗಿ ಅಲ್ಲಿಯವರ ಸಿಡುಕು ಮುಖ ನೋಡಿ ಬರುತ್ತಿದ್ದರು.

ಕೆಲಸ ಮುಗಿಯಲು ಮೂರು ತಿಂಗಳು ಹಿಡಿಯಿತು. ಅಷ್ಟು ದಿನ ಎಲ್ಲರೂ ಎಲ್ಲೆಲ್ಲೋ ಹೊಂದಿಸಿಕೊಂಡರು. ಉದ್ಘಾಟನೆಯ ದಿನ ಮಿಲ್ಲು ನೋಡಿ ನನಗೇ ಗುರುತು ಸಿಗಲಿಲ್ಲ. ಹಾಲಿನಂಥ ಗೋಡೆ. ಮುಖ ಕಾಣುವ ನೆಲ. ಬಾಗಿಲ ಬಳಿ ಒಂದು ದೊಡ್ಡ ಫೋಟೋ ಹಲಗೆ. ಅದರಲ್ಲಿ ಆ ಆರು ಹೆಂಗಸರು ತಮಟೆ ಹಿಡಿದು ನಿಂತಿದ್ದರು. ಕೆಳಗೆ ‘ಎಲ್ಲರನ್ನೂ ಒಳಗೆ ಬಿಟ್ಟುಕೊಳ್ಳುವ ಜಾಗ’ ಎಂದು ಬರೆದಿತ್ತು. ಮೇಜಿನ ಮೇಲೊಂದು ಪುಸ್ತಕ, ಯಾರಿಗೆ ಯಾವ ದಿನ ಯಾವ ಹೊತ್ತು ಬೇಕು ಎಂದು ಮುಂಚೆಯೇ ಬರೆಯಲು. ಸಂಜೆ ಏಳೂವರೆಗೆ ಬೀಗ.

ಭಾಷಣಗಳು ಉದ್ದವಾದವು. ಮೇಷ್ಟರಿಗೆ ಮೂರು ನಿಮಿಷ ಹಾಡಲು ಹೇಳಿದರು. ಅವರು ಶ್ರುತಿ ಹಿಡಿಯುವಷ್ಟರಲ್ಲಿ ಮೂರು ನಿಮಿಷ ಮುಗಿಯಿತು. ಪೇಂಟರು ಕೊನೆಯಲ್ಲಿ ಬಂದರು. ಚಪ್ಪಲಿ ಹೊರಗೆ ಬಿಟ್ಟು, ಗೋಡೆಯನ್ನು ಅಂಗೈಯಲ್ಲಿ ಸವರಿ ನೋಡಿ, “ಚೆನ್ನಾಗೈತಮ್ಮ. ಬಹಳ ಚೆನ್ನಾಗೈತೆ” ಎಂದರು. ಬಿರಿಯಾನಿ ಊಟಕ್ಕೆ ನಿಲ್ಲದೆ ಶಿರಾ ಬಸ್ಸು ಹತ್ತಿದರು.

ಆಮೇಲೆ ಯಾರೂ ಬರಲಿಲ್ಲ.

ಮೊದಲ ವಾರ ಹಬ್ಬ ಇರಬೇಕೆಂದುಕೊಂಡೆ. ಎರಡನೆಯ ವಾರ ಮದುವೆ ಸೀಸನ್ನು ಅಂದುಕೊಂಡೆ. ಒಂದು ತಿಂಗಳಾದರೂ ಪುಸ್ತಕದ ಮೊದಲ ಪುಟ ಖಾಲಿ. ಫೋನು ಮಾಡಿದರೆ ಎಲ್ಲರೂ ಪ್ರೀತಿಯಿಂದಲೇ ಮಾತಾಡುತ್ತಿದ್ದರು. “ಬರ್ತೀವಿ ಮಿಸ್”, “ಈ ಕೆಲ್ಸ ಒಂದು ಮುಗೀಲಿ ಮಿಸ್.” ಶಾಲೆ ಬಿಟ್ಟ ಮೇಲೆ ನಾನು ಹೋಗಿ ಬೀಗ ತೆಗೆದು, ಕುರ್ಚಿ ಮೇಲೆ ಕೂತು, ಉತ್ತರ ಪತ್ರಿಕೆ ತಿದ್ದಿ, ಮತ್ತೆ ಬೀಗ ಹಾಕಿ ಬರುತ್ತಿದ್ದೆ. ನನ್ನ ಪೆನ್ನಿನ ಸದ್ದು ಕೂಡ ಅಲ್ಲಿ ಮಾರ್ದನಿಸುತ್ತಿತ್ತು.

ಬೆಂಗಳೂರಿನವರು ಚಟುವಟಿಕೆಯ ಫೋಟೋ ಕಳಿಸಿ ಎಂದು ಕೇಳತೊಡಗಿದರು. ಏನು ಕಳಿಸಲಿ? ಒಂದು ಶನಿವಾರ ನಮ್ಮ ಎಂಟನೇ ತರಗತಿಯ ಹುಡುಗಿಯರನ್ನು ಕರೆದುಕೊಂಡು ಹೋಗಿ, ಕೈಗೆ ಬ್ರಷ್ ಕೊಟ್ಟು ಕೂರಿಸಿ, ಫೋಟೋ ತೆಗೆದು ಕಳಿಸಿದೆ. ಮಕ್ಕಳಿಗೆ ಖುಷಿಯಾಯಿತು. ಬೆಂಗಳೂರಿನವರಿಗೂ ಖುಷಿಯಾಯಿತು. ಪರೀಕ್ಷೆಯಲ್ಲಿ ಕಾಪಿ ಹೊಡೆದವರನ್ನು ಹಿಡಿಯುವ ನಾನು ಆ ದಿನ ಮನೆಗೆ ಹೋಗಿ ಸುಮ್ಮನೆ ಮಲಗಿಕೊಂಡೆ.

“ನಿಂಗೆ ಹೇಳ್ತೀನಿ ಕೇಳು, ಅವ್ರಿಗೆ ಜಾಗ ಬೇಕಾಗಿತ್ತೇ ಹೊರತು ನೀನಲ್ಲ” ಎಂದರು ನನ್ನ ಗಂಡ.

“ಜಾಗ ಇದೆಯಲ್ಲ. ಮೊದಲಿಗಿಂತ ಚೆನ್ನಾಗೇ ಇದೆಯಲ್ಲ.”

“ಅದೇ ನಂಗೂ ಅರ್ಥ ಆಗ್ತಿಲ್ಲ” ಎಂದು ಅವರೂ ತಲೆ ಕೆರೆದುಕೊಂಡರು.

ದಸರಾ ರಜೆ ಬಂತು. ಫೋನಿನಲ್ಲಿ ಕೇಳಿ ಪ್ರಯೋಜನವಿಲ್ಲ, ಮುಖ ನೋಡಿ ಕೇಳಬೇಕೆಂದು ಹೊರಟೆ.

ಮೊದಲು ಶಿರಾಕ್ಕೆ. ಪೇಂಟರ ಹೆಂಡತಿ ಬಾಗಿಲು ತೆರೆದು, ಚಹಾ ಕೊಟ್ಟು, “ಅವ್ರು ಪಾವಗಡದಾಗೆ ಕೆಲ್ಸ ಹಿಡ್ದವ್ರೆ. ಹದ್ನೈದು ದಿನಕ್ಕೊಂದು ಸಲ ಬರ್ತಾರೆ” ಎಂದರು. ಈ ವಯಸ್ಸಿನಲ್ಲಿ ಅಷ್ಟು ದೂರವೇ ಎಂದೆ. ಆಕೆ ನನ್ನನ್ನೇ ಒಂದು ಗಳಿಗೆ ನೋಡಿ, “ಹತ್ರದ್ದು ಹೋಯ್ತಲ್ಲ” ಎಂದರು. ಬೈದದ್ದೋ, ಬರೀ ಸುದ್ದಿ ಹೇಳಿದ್ದೋ ತಿಳಿಯಲಿಲ್ಲ.

ಮಾರನೆಯ ದಿನ ಪಾವಗಡಕ್ಕೆ ಹೋದೆ. ಬಸ್ ಸ್ಟ್ಯಾಂಡಿನ ಬಳಿ ಹೂ ಮಾರುವಾಕೆಯನ್ನು ಕೇಳಿದರೆ, “ಪರದೆ ಬರ್ಯೋ ಸಾಯ್ಬುನಾ? ಹುಣಸೆಹಣ್ಣು ಗೋಡೌನ್ ವೆನಕಾಲ ಉಂಟಾಡಮ್ಮ, ಹಿಂದುಗಡೆ ಹೋಗಿ” ಎಂದು ಅರ್ಧ ತೆಲುಗಿನಲ್ಲಿ ದಾರಿ ತೋರಿಸಿದಳು.

ಗೋಡೌನಿನ ಹಿಂದಿನ ಗೋಡೆಗೆ ಕಾಡಿನ ಪರದೆ ಕಟ್ಟಿತ್ತು. ಮೇಲೆ ಮಾಡು ಇರಲಿಲ್ಲ. ಪೇಂಟರು ತಲೆಗೆ ಟವೆಲ್ ಸುತ್ತಿಕೊಂಡು ಏಣಿಯ ಮೇಲೆ ನಿಂತು ಮರಕ್ಕೆ ಎಲೆ ಬರೆಯುತ್ತಿದ್ದರು. ನನ್ನನ್ನು ಕಂಡು ಇಳಿದು ಬಂದು, ಡಬ್ಬ ಬೋರಲು ಹಾಕಿ ಕೂರಿಸಿದರು.

“ಯಾಕೆ ಬಿಟ್ಟು ಬಂದ್ರಿ?” ಸುತ್ತಿ ಬಳಸದೆ ಕೇಳಿದೆ.

“ಬಿಟ್ಟಿಲ್ಲಮ್ಮ. ಅಲ್ಲಿ ಬಣ್ಣ ಬೀಳ್ಬಾರ್ದು. ಮೊಳೆ ಹೊಡೀಬಾರ್ದು. ಬಣ್ಣ ಬೀಳಿಸ್ದೆ ನಾನು ಯಾವತ್ತೂ ಬರ್ದಿಲ್ಲ.”

“ಬೀಳಬಾರದು ಅಂತ ನಾನು ಹೇಳಿದ್ನಾ?”

“ನೀವು ಹೇಳಿಲ್ಲ. ನೆಲ ಹೇಳ್ತು.”

“ಹಾಗಾದ್ರೆ ಟೈಲ್ಸ್ ಕೀಳಿಸಿಬಿಡ್ತೀನಿ.”

ಅವರು ಎರಡೂ ಕೈ ಎತ್ತಿ ಬೇಡವೆಂದರು. “ಅರೆ, ಬ್ಯಾಡಮ್ಮ! ಅಷ್ಟು ಖರ್ಚು ಮಾಡವ್ರೆ ಯಾರೋ. ನನ್ನ ಸಲುವಾಗಿ ಯಾಕೆ? ಇಲ್ಲಿ ಬೆಳಕು ಚೆನ್ನಾಗೈತೆ.” ಬಿಸಿಲು ನೆತ್ತಿ ಸುಡುತ್ತಿತ್ತು. ಮಳೆ ಬಂದರೆ ಏನು ಮಾಡುತ್ತೀರಿ ಎಂದೆ. “ಇಲ್ಲಿ ಮಳೆ ಎಲ್ಲಮ್ಮ ಬರ್ತದೆ” ಎಂದು ನಕ್ಕರು.

ನಾನು ಏಳುವಾಗ, ಕುಂಚ ತೊಳೆಯುತ್ತ, ನನ್ನ ಕಡೆ ನೋಡದೆ ಇನ್ನೊಂದು ಮಾತು ಹೇಳಿದರು. “ಒಂದು ಮಾತು ಕೇಳಿದ್ರೆ ಹೇಳ್ತಿದ್ದೆ. ಗೋಡೆ ಹೆಂಗಿದ್ರೆ ಒಳ್ಳೇದು ಅಂತ.”

ಕೊರಟಗೆರೆಗೆ ಹೋಗುವುದು ಕಷ್ಟವಲ್ಲ, ಗಳಿಗೆಗೊಂದು ಖಾಸಗಿ ಬಸ್ಸು. ಮೇಷ್ಟರು ಮನೆಯ ಜಗುಲಿಯಲ್ಲೇ ಸಿಕ್ಕಿದರು. ಅವರು ನೇರವಾಗಿ ಬೈದರು. ನನಗೆ ಅದು ಹಗುರವೆನಿಸಿತು.

“ಏಳೂವರೆಗೆ ಬೀಗ ಹಾಕ್ಬುಟ್ರೆ ಹೆಂಗೆ ಮಿಸ್? ನಮ್ಮ ಪಾತ್ರಧಾರಿಗಳು ಹಾಲು ಕರ್ದು, ಡೈರಿಗಾಕಿ, ಮಕ ತೊಳ್ಕೊಂಡು ಬರೋದೇ ಏಳೂವರೆಗೆ. ಈ ತಿಂಗ್ಳೇ ‘ಮುಂದಿನ ತಿಂಗ್ಳು ಯಾವತ್ತು ಬರ್ತೀಯಪ್ಪ’ ಅಂತ ಬರ್ಕೊಡು ಅಂದ್ರೆ ಅವ್ನೇನು ಬರೀತಾನೆ? ಹಸು ಯಾವತ್ತು ಕರು ಹಾಕ್ತದೆ ಅಂತ ಅವ್ನಿಗೇ ಗೊತ್ತಿಲ್ಲ.”

“ಹೊತ್ತು ಬದಲಾಯಿಸೋಣ ಮೇಷ್ಟ್ರೆ. ಪುಸ್ತಕ ತೆಗೆದುಬಿಡೋಣ.”

“ಬದ್ಲಾಯ್ಸಿ. ಆದ್ರೂ…” ಎಂದು ಜಗುಲಿಯ ಗೋಡೆಗೆ ಒರಗಿದರು. “ಆ ಸಾಯ್ಬ್ರು ಪರದೆ ಇರ್ತಿತ್ತಲ್ಲ ಗೋಡೆ ತುಂಬ, ಹಾಡಿದ್ರೆ ಕಂಠ ಎಲ್ಲೋ ಕೂತ್ಕಂತಿತ್ತು. ಈಗ ಬಾಯ್ಬಿಟ್ರೆ ಕಂಠ ತಿರುಗಿ ಬಂದು ನಮ್ಮ ಮಕಕ್ಕೇ ಹೊಡೀತದೆ. ಅದುಕ್ಕೇನು ಮಾಡ್ತೀರಿ?”

ಪೇಂಟರಿಲ್ಲದೆ ಮೇಷ್ಟರು ಬರುವುದಿಲ್ಲ. ಟೈಲ್ಸ್ ಇರುವತನಕ ಪೇಂಟರು ಬರುವುದಿಲ್ಲ. ಟೈಲ್ಸ್ ಕೀಳುವುದು ಬೇಡವೆಂದು ಅವರೇ ಹೇಳುತ್ತಾರೆ. ಬಸ್ಸಿನಲ್ಲಿ ಕೂತು ಸಮೀಕರಣದ ಹಾಗೆ ಇದನ್ನು ಬಿಡಿಸಲು ನೋಡಿದೆ. ಮಧುಗಿರಿ ಬೆಟ್ಟ ಕಾಣಿಸುವ ಹೊತ್ತಿಗೂ ಬಿಡಿಸಲು ಆಗಿರಲಿಲ್ಲ.

ದೊಡ್ಡೇರಿ ಕಡೆಗೆ ಕೊನೆಯಲ್ಲಿ ಹೋದೆ. ಕೊನೆಗೆ ಉಳಿಸಿಕೊಂಡಿದ್ದೆ ಎಂದರೂ ಸರಿ. ಅಂಗನವಾಡಿ ಸಹಾಯಕಿ ಆಗ ತಾನೆ ಕಡಲೆಕಾಯಿ ಹೊಲದಿಂದ ಬಂದಿದ್ದರು. ಮನೆಯ ನಡುಗೋಡೆಯಲ್ಲಿ ಬುದ್ಧನ ಪಟ, ಪಕ್ಕದಲ್ಲಿ ಮಗಳ ನರ್ಸಿಂಗ್ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿದ್ದರು. ಚಾಪೆ ಹಾಸಿದರು.

ಟೈಲ್ಸೇ ತೊಂದರೆಯೇ ಎಂದು ಕೇಳಿದೆ. “ಅಯ್ಯೋ, ಟೈಲ್ಸ್ ಚೆಂದಾಗೈತೆ ಕಣಮ್ಮ. ಬರಿಗಾಲಲ್ಲಿ ಹೆಜ್ಜೆ ಹಾಕಕ್ಕೆ ಅಷ್ಟು ಹಿತ. ಮೊದ್ಲು ಜಾರಿ ಬೀಳ್ತಿದ್ವಿ.” ಶೌಚಾಲಯ? “ಅದೊಂದು ಕಟ್ಸಿದ್ರಲ್ಲ, ನಿಮ್ಮ ಹೊಟ್ಟೆ ತಣ್ಣಗಿರ್ಲಿ.”

“ಮತ್ತೆ?”

ಆಕೆ ಸೆರಗಿನಲ್ಲಿ ಕೈ ಒರೆಸಿಕೊಂಡರು. “ಆ ಫೋಟೋ.”

“ಫೋಟೋ ಚೆನ್ನಾಗೇ ಬಂದಿದೆಯಲ್ಲ.”

“ಚೆನ್ನಾಗೇ ಬಂದೈತೆ. ಅದ್ರ ಕೆಳೀಕೆ ಬರ್ಸಿದ್ದೀರಲ್ಲ, ‘ಎಲ್ಲರನ್ನೂ ಒಳಗೆ ಬಿಟ್ಕೊಳ್ಳೋ ಜಾಗ’ ಅಂತ. ಪೇಂಟರ್ ಫೋಟೋ ಹಾಕಿ ಅಂಗೆ ಬರ್ಸಿಲ್ಲ. ಮೇಷ್ಟ್ರ ಫೋಟೋ ಹಾಕಿ ಬರ್ಸಿಲ್ಲ. ನಮ್ಮದ್ರ ಕೆಳೀಕೇ ಯಾಕೆ? ಬಿಟ್ಕೊಳ್ದೆ ಇರೋ ಯೋಚ್ನೆನೂ ಒಂದಿತ್ತು ಅಂತ ತಾನೆ ಅದ್ರರ್ಥ? ನೀವು ಅವತ್ತು ಮನೇಲಿ ಕೇಳಿ ಹೇಳ್ತೀನಿ ಅಂದ್ರಿ. ನಾನು ಮನ್ಸಿಗೆ ಹಚ್ಕೊಂಡಿರ್ಲಿಲ್ಲ. ಈಗ ಅದನ್ನ ಗೋಡೆ ಮೇಲೆ ಬರ್ಸಿದಂಗಾಯ್ತು.”

ಅದನ್ನು ಬರೆಸಿದ್ದು ನಾನಲ್ಲ, ಬೆಂಗಳೂರಿನವರು ಎಂದು ಹೇಳಲು ಬಾಯಿ ತೆರೆದೆ. ಆದರೆ ಬಾಗಿಲು ನನ್ನದು, ದಿನಾ ಅದರ ಕೆಳಗೇ ಬೀಗ ತೆಗೆಯುತ್ತಿದ್ದವಳು ನಾನು. ಒಂದು ದಿನವೂ ಆ ಸಾಲು ಚುಚ್ಚಿರಲಿಲ್ಲ. ಒಳ್ಳೆಯ ಮಾತು ಎಂದೇ ಅಂದುಕೊಂಡಿದ್ದೆ. ಕಣ್ಣಲ್ಲಿ ನೀರು ಬಂತು. ಆಕೆಗೆ ಅದು ಇಷ್ಟವಾಗಲಿಲ್ಲ.

“ಅಳಬ್ಯಾಡಿ. ನೀವು ಅತ್ರೆ ನಾನು ಸಮಾಧಾನ ಮಾಡ್ಬೇಕಾಯ್ತದೆ. ಕಾಪಿ ಕುಡ್ದು ಹೋಗಿ.”

ಕಾಫಿ ಕುಡಿದು ಬಂದೆ. ಬಸ್ಸಿಳಿದು ನೇರ ಮಿಲ್ಲಿಗೆ ಹೋಗಿ, ಕುರ್ಚಿ ಹತ್ತಿ ಹಲಗೆ ಬಿಚ್ಚಿದೆ. ಸ್ಕ್ರೂ ಗಟ್ಟಿಯಾಗಿದ್ದವು, ಗೋಡೆಯ ಬಣ್ಣ ಕಿತ್ತುಕೊಂಡು ಬಂತು.

ರಜೆ ಮುಗಿಯುವ ಮುಂಚೆ ಒಂದು ಭಾನುವಾರ ಮೂರೂ ಕಡೆಯವರನ್ನು ಕರೆದೆ. ಪೇಂಟರೂ ಬಂದರು, ಪಾವಗಡದಿಂದ. ಈ ಸಲ ನಾನೇನೂ ಹೇಳುವುದಿಲ್ಲ, ನೀವು ಹೇಳಿದ ಹಾಗೆ ಮಾಡುತ್ತೇನೆ ಎಂದು ಕೈ ಕಟ್ಟಿ ಕೂತೆ. ಒಳ್ಳೆಯ ಪಾಠ ಕಲಿತಿದ್ದೇನೆ ಎಂಬ ಹೆಮ್ಮೆಯೂ ಒಳಗೊಳಗೇ ಇತ್ತು. ಅರ್ಧ ಗಂಟೆಯಲ್ಲಿ ಮಾತು ಜಗಳಕ್ಕೆ ತಿರುಗಿತು. ಒಂದು ಕಡೆಯ ಟೈಲ್ಸಾದರೂ ತೆಗೆಯಿರಿ ಎಂದು ಮೇಷ್ಟರು ಪೇಂಟರ ಪರ ವಾದಿಸಿದರು. ಹೆಂಗಸರು ಒಪ್ಪಲಿಲ್ಲ. ಅಂಗನವಾಡಿ ಸಹಾಯಕಿ ಪೇಂಟರ ಕಡೆ ತಿರುಗಿದರು.

“ನೀವು ಇಷ್ಟು ದಿನ ಎಣ್ಣೆ ನೆಲದ ಮೇಲೆ ಬರ್ದ್ರಿ, ಸರಿ. ನಾವು ಅದೇ ನೆಲದ ಮೇಲೆ ಸೊಂಟ ಮುರ್ಕಂಡ್ವಿ. ಅವತ್ತು ಯಾರಾದ್ರೂ ಕೇಳಿದ್ರಾ?”

ಮೇಷ್ಟರು ಮುಖ ಕೆಂಪಗೆ ಮಾಡಿಕೊಂಡರು. “ಮೊದ್ಲು ಬಂದೋರು ಯಾರು ಇಲ್ಗೆ?” ಎಂದುಬಿಟ್ಟರು. ಪೇಂಟರು ಎದ್ದು ನಿಂತು, “ಮೇಷ್ಟ್ರೆ, ಅಂಗನ್ಬಾರ್ದು. ಮೊದ್ಲು ಬಂದಿದ್ದು ಪಾರಿವಾಳ” ಎಂದರು. ಯಾರೋ ನಕ್ಕರು, ಜಗಳ ಅಲ್ಲಿಗೆ ನಿಂತಿತು. ಆದರೆ ತೀರ್ಮಾನವೂ ಆಗಲಿಲ್ಲ.

ಹೊಸ ಮಾಡಿನಲ್ಲಿ ಈಗ ಪಾರಿವಾಳವೂ ಇಲ್ಲ.

ಮುಂದೆ ಆದದ್ದು ಇಷ್ಟು. ಹೆಂಗಸರು ವಾಪಸು ಬಂದರು. ತಮ್ಮದೇ ಒಂದು ಬೀಗದ ಕೈ ಬೇಕೆಂದು ಕೇಳಿ ತೆಗೆದುಕೊಂಡರು. ಮೊದಲು ಕೊಟ್ಟಿರಲಿಲ್ಲವೇ ಎಂದು ನೆನಪು ಮಾಡಿಕೊಂಡೆ. ಕೊಟ್ಟಿರಲಿಲ್ಲ. ಮೇಷ್ಟರ ಕೈಯಿಂದ ಇಸಿದುಕೊಂಡು ನಡೆಸುತ್ತಿದ್ದರಂತೆ, ಅಷ್ಟು ವರ್ಷ. ಮೇಷ್ಟರು ತಿಂಗಳಿಗೊಂದೆರಡು ಸಲ ತಂಡ ಕಟ್ಟಿಕೊಂಡು ಬರುತ್ತಾರೆ. ಗೋಡೆಗೆ ಹಳೇ ಕಂಬಳಿಗಳನ್ನು ಇಳಿಬಿಟ್ಟುಕೊಂಡು ಹಾಡುತ್ತಾರೆ. ಕಂಠ ಪರವಾಗಿಲ್ಲವಂತೆ. ಅವರೂ ಆ ಹೆಂಗಸರೂ ಎದುರಾದರೆ ತಲೆ ಆಡಿಸುತ್ತಾರೆ, ಮಾತು ಅಷ್ಟಕ್ಕಷ್ಟೆ.

ಪೇಂಟರು ಬರಲಿಲ್ಲ. ಪಾವಗಡದಲ್ಲಿ ಗೋಡೌನಿನವನು ಒಂದು ಕಡೆ ತಗಡು ಹಾಕಿಸಿಕೊಟ್ಟಿದ್ದಾನೆ. “ಆ ಮನುಷ್ಯನಿಗೆ ಕಲೆ ಗಿಲೆ ಏನೂ ಗೊತ್ತಿಲ್ಲಮ್ಮ, ಹುಣಸೆಹಣ್ಣು ಒಂದೇ ಗೊತ್ತು” ಎಂದು ಫೋನಿನಲ್ಲಿ ಸಂತೋಷದಿಂದ ಹೇಳಿದರು. ಆ ಸಂತೋಷ ಕೇಳಿ ನನಗೆ ಹೊಟ್ಟೆಕಿಚ್ಚಾಯಿತು.

ಬೆಂಗಳೂರಿನವರಿಗೆ ಆ ಮಕ್ಕಳ ಫೋಟೋ ಸುಳ್ಳು ಎಂದು ಬರೆದು ಕಳಿಸಿದೆ. ನಡೆದದ್ದನ್ನೆಲ್ಲ ಬರೆದೆ. ಅವತ್ತು ನನ್ನ ಕೈ ಹಿಡಿದುಕೊಂಡಿದ್ದ ಹುಡುಗಿ ತಾನೇ ಫೋನು ಮಾಡಿ ತುಂಬ ಹೊತ್ತು ಕೇಳಿಸಿಕೊಂಡಳು. ಕೊನೆಗೆ, “ಮೇಡಂ, ಹಾಗಾದ್ರೆ ನಾವು ಏನು ಮಾಡಬೇಕಿತ್ತು?” ಎಂದು ಕೇಳಿದಳು. ಅಣಕವಿರಲಿಲ್ಲ, ನಿಜವಾಗಿಯೇ ಕೇಳಿದಳು. ಶೌಚಾಲಯ ಮಾತ್ರ ಕಟ್ಟಿಸಿ ಹೋಗಬೇಕಿತ್ತು ಎನ್ನೋಣವೆಂದರೆ ಮಾಡು ನಿಜಕ್ಕೂ ಸೋರುತ್ತಿತ್ತು. ಮೊದಲು ಕೇಳಬೇಕಿತ್ತು ಎನ್ನೋಣವೆಂದರೆ, ಕೇಳಿ ನೋಡಿದ್ದೆನಲ್ಲ, ಆ ಭಾನುವಾರ. “ಯೋಚನೆ ಮಾಡಿ ಹೇಳ್ತೀನಮ್ಮ” ಎಂದೆ. ಇನ್ನೂ ಹೇಳಿಲ್ಲ.

ಮೊನ್ನೆ ಒಬ್ಬರು ಬಂದಿದ್ದರು. ನಲವತ್ತರ ಆಸುಪಾಸಿನ ಗಂಡಸು. ಪಾವಗಡದ ಕಡೆ ಸೋಲಾರ್ ಪ್ಲಾಂಟಿನಲ್ಲಿ ಎಲೆಕ್ಟ್ರಿಷಿಯನ್, ಮನೆ ಮಧುಗಿರಿಯಲ್ಲಿ. ರಟ್ಟಿನ ಪೆಟ್ಟಿಗೆ ಕತ್ತರಿಸಿ ಆಳೆತ್ತರದ ಮುಖವಾಡ ಮಾಡುತ್ತಾರಂತೆ. ಒಂದೇ ಕೋಣೆಯ ಬಾಡಿಗೆ ಮನೆ. ಮಂಚದ ಕೆಳಗೆ ಹಿಡಿಸದೆ ಮಾಡಿದ್ದನ್ನೆಲ್ಲ ಮಡಚಿ ಇಡಬೇಕಾಗಿದೆ. ಯಾರಿಗೂ ತೋರಿಸಿಲ್ಲವಂತೆ.

ನಾನು ಹುಷಾರಾಗಿ ಕೇಳಿದೆ. “ನಿಮಗೆ ಏನೇನು ಬೇಕು? ಗೋಡೆ ಹೇಗಿರಬೇಕು? ಎಷ್ಟು ಹೊತ್ತಿಗೆ ಬರ್ತೀರಿ? ಜೊತೆಗೆ ತಮಟೆ ಸದ್ದಿದ್ದರೆ ಆಗುತ್ತಾ? ನೆಲ?”

ಆತ ಗಾಬರಿಯಾದರು. “ಗೊತ್ತಿಲ್ಲ ಮೇಡಂ. ಜಾಗ ಸಿಗ್ತದೆ ಅಂತ ಅಂದ್ಕೊಂಡೇ ಇರ್ಲಿಲ್ಲ. ಸಿಕ್ರೆ ಏನ್ಮಾಡ್ತೀನಿ ಅಂತ್ಲೂ ಯೋಚ್ನೆ ಮಾಡಿಲ್ಲ.”

ಇಬ್ಬರೂ ಬಾಗಿಲಲ್ಲಿ ನಿಂತುಕೊಂಡೆವು. ಕೊನೆಗೆ ಬೀಗದ ಕೈ ಕೊಟ್ಟು ಶಾಲೆಗೆ ಹೋದೆ. ಸಂಜೆ ಬಂದು ನೋಡಿದರೆ ಬಾಗಿಲು ಒಳಗಿನಿಂದ ಚಿಲಕ ಹಾಕಿತ್ತು. ಕತ್ತರಿಸುವ ಸದ್ದಿಲ್ಲ, ಓಡಾಡುವ ಸದ್ದಿಲ್ಲ. ಕದ ತಟ್ಟಿ ಕಾಫಿ ಬೇಕಾ ಎಂದು ಕೇಳಲೇ, ಅಥವಾ ಅದೂ ತಪ್ಪಾಗುತ್ತದೆಯೇ ಎಂದು ತಿಳಿಯದೆ ಸ್ವಲ್ಪ ಹೊತ್ತು ನಿಂತಿದ್ದೆ. ಆಮೇಲೆ ತಟ್ಟದೆ ಮನೆಗೆ ಬಂದು, ಗಂಡನಿಗೆ ಹೇಳಿದೆ. “ತಟ್ಬೇಕಿತ್ತು ಕಣೇ” ಎಂದರು ಅವರು. ಒಂದು ಗಳಿಗೆ ಬಿಟ್ಟು, “ಇಲ್ಲ, ಬಿಡು, ತಟ್ಟದೇ ಇದ್ದಿದ್ದೇ ಸರಿಯಾಯ್ತೇನೋ” ಎಂದರು.